ರ‍್ಯಾಕ್ ಬೂಟ್ ಹರಿದಿದೆ, ಬೂಟ್ ಮಾತ್ರ ಬದಲಿಸಿದರೆ ಸಾಕಾ?

ಹಳೇಗಾಡಿ

ಎಲ್ಲರಿಗೂ ನಮಸ್ಕಾರ. ನನ್ನದು 1999ರ ಫೋರ್ ವೀಲ್ ಡ್ರೈವ್. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಪವರ್ ಸ್ಟೀರಿಂಗ್. ಕೆಸರು, ಕಲ್ಲುದಾರಿ, ಮೊಣಕಾಲುದ್ದ ನೀರು ಎಲ್ಲ ಕಂಡಿರುವ ಗಾಡಿ. ಮೊನ್ನೆ ಆಯಿಲ್ ಇಳಿಸಲು ಕೆಳಗೆ ಮಲಗಿದ್ದಾಗ ಸುಮ್ನೆ ಟಾರ್ಚ್ ಆಡಿಸಿದೆ. ಎಡಗಡೆಯ ಸ್ಟೀರಿಂಗ್ ರ‍್ಯಾಕ್ ಬೂಟ್ (ಚಕ್ರ ತಿರುಗಿಸಲು ಅತ್ತಿತ್ತ ಸರಿಯುವ ಕಂಬಿಯ ತುದಿಗೆ ಹಾಕಿರುವ ಮಡಿಕೆ ಮಡಿಕೆಯ ರಬ್ಬರ್ ಕವಚ) ಒಂದು ಮಡಿಕೆಯಲ್ಲಿ ಅರ್ಧ ಸುತ್ತು ಸೀಳಿ ಬಾಯಿ ಬಿಟ್ಟಿತ್ತು. ಬಲಗಡೆಯದು ಚೆನ್ನಾಗಿದೆ ಅಂದುಕೊಂಡೆ. ಆದರೆ ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ, ಮಡಿಕೆಗಳು ಹಿಗ್ಗಿದ ಮೇಲೆ ನೋಡಿದರೆ ಅಲ್ಲೂ ಸಂದಿ ಸಂದಿಯಲ್ಲಿ ಸಣ್ಣ ಬಿರುಕು.

ಒಬ್ಬ ಮೆಕ್ಯಾನಿಕ್ ಇಡೀ ರ‍್ಯಾಕ್ ಬದಲಿಸಬೇಕು ಅಂದರು. ಇನ್ನೊಬ್ಬರು ಟೇಪ್ ಸುತ್ತಿ ಓಡಿಸಿ ಅಂದರು. ಇಬ್ಬರೂ ಬೂಟ್ ಬಿಚ್ಚಿ ಒಳಗೆ ನೋಡಲಿಲ್ಲ.

ಸ್ಟೀರಿಂಗಿನಲ್ಲಿ ಶಬ್ದ ಇಲ್ಲ, ಆಯಿಲ್ ಮಟ್ಟವೂ ಇಳಿದಿಲ್ಲ. ಬೂಟ್ ಮಾತ್ರ ಹಾಕಿದರೆ ಸಾಕಾ? ಟೈ ರಾಡ್ (ಆ ಕಂಬಿಯಿಂದ ಚಕ್ರದ ಕಡೆಗೆ ಹೋಗುವ ಸರಳು) ಬಿಚ್ಚದೆ ಹಾಕಿ ಅಂಟಿಸುವ ಸೀಳು ಬೂಟ್ ಸಿಗುತ್ತದಂತೆ, ಅದು ನಡೆಯುತ್ತದಾ? ಮನೆಯಲ್ಲೇ ಮಾಡುವ ಕೆಲಸವಾ ಇದು?

ಸ್ಪ್ಯಾನರ್14

ಗುರುವೇ, ಬೂಟ್ ಹರಿದಿದ್ದು ಯಾವಾಗ ಅಂತ ನಿಮಗೆ ಗೊತ್ತಿಲ್ಲ ಅಲ್ವಾ? ಹೋದ ವಾರ ಹರಿದಿದ್ದರೆ ಬೂಟ್ ಸಾಕು. ಎರಡು ಮಳೆಗಾಲ ಹಾಗೇ ಓಡಿದ್ದರೆ ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು. ಹಾಗಾಗಿ ಏನನ್ನೂ ಕೊಳ್ಳುವ ಮೊದಲು ದೊಡ್ಡ ಬಾಯಿಯ ಕ್ಲ್ಯಾಂಪ್ ಬಿಚ್ಚಿ, ಬೂಟನ್ನು ಹೊರಗಡೆಗೆ ಸರಿಸಿ, ಒಳಗೆ ಕಣ್ಣು ಹಾಯಿಸಿ.

ಮೊದಲು ನೋಡಬೇಕಾದದ್ದು ಎಣ್ಣೆ. ಪವರ್ ಸ್ಟೀರಿಂಗ್ ರ‍್ಯಾಕಿನ ಬೂಟಿನೊಳಗೆ ಟೈ ರಾಡ್ ಕಂಬಿಗೆ ಸೇರುವ ಬಾಲ್ ಜಾಯಿಂಟಿನ ಸುತ್ತ ಇರುವ ಗ್ರೀಸ್ ಬಿಟ್ಟರೆ ಬೇರೇನೂ ಇರಬಾರದು. ಬೂಟ್ ಸರಿಸಿದ ಕೂಡಲೇ ಸ್ಟೀರಿಂಗ್ ಆಯಿಲ್ ಸುರಿದರೆ ರ‍್ಯಾಕಿನ ಸೀಲ್ ಹೋಗಿದೆ ಅಂತಲೇ ಅರ್ಥ, ಅಂಥ ರ‍್ಯಾಕಿಗೆ ಹೊಸ ಬೂಟ್ ಹಾಕಿದರೆ ಅದು ಸೋರಿದ್ದನ್ನು ಹಿಡಿದಿಡುವ ಚೀಲ ಆಗುತ್ತದೆ ಅಷ್ಟೇ. (ಪವರ್ ಇಲ್ಲದ ಹಳೆಯ ರ‍್ಯಾಕುಗಳ ಲೆಕ್ಕ ಬೇರೆ. ಅವುಗಳಲ್ಲಿ ಕೆಲವಕ್ಕೆ ಒಳಗೆ ಗ್ರೀಸ್ ಅಥವಾ ಗೇರ್ ಆಯಿಲ್ ಬೇಕೆಂದೇ ತುಂಬಿರುತ್ತಾರೆ.)

ಆಮೇಲೆ ರ‍್ಯಾಕಿನ ಕಂಬಿ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಅದರ ಮೇಲೆ ಉಗುರು ಎಳೆದು ನೋಡಿ. ಕಂದು ಬಣ್ಣ ಇದ್ದು ಉಜ್ಜಿದರೆ ಹೋಗುತ್ತದೆ ಅಂದರೆ ಪರವಾಗಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ತುಕ್ಕು ತಿಂದಿದ್ದರೆ, ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಒರಟು ಜಾಗ ಸೀಲನ್ನು ಕೆರೆಯುತ್ತದೆ. ಇವತ್ತು ಸೋರದಿದ್ದರೂ ನಾಳೆ ಸೋರುತ್ತದೆ. ಆಗ ನಿಮ್ಮ ಮೊದಲ ಮೆಕ್ಯಾನಿಕ್ ಹೇಳಿದ್ದೇ ಸರಿ ಅನ್ನಬೇಕಾಗುತ್ತದೆ. ನೋಡದೇ ಹೇಳಿದ್ದು ಮಾತ್ರ ತಪ್ಪು. ಒರೆಸುವ ಮುಂಚೆ ಸ್ಟೀರಿಂಗ್ ಅತ್ತಿತ್ತ ತಿರುಗಿಸಬೇಡಿ, ಮಣ್ಣನ್ನು ನಾವೇ ಸೀಲಿನ ಬಾಯಿಗೆ ತುರುಕಿದ ಹಾಗೆ.

ಕೊನೆಗೆ ಒಳಗಿನ ಟೈ ರಾಡ್ ಜಾಯಿಂಟ್, ಅಂದರೆ ಅದೇ ಬಾಲ್ ಜಾಯಿಂಟ್. ಗಾಡಿ ಸ್ಟ್ಯಾಂಡ್ ಮೇಲಿರಲಿ, ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಒಬ್ಬರು ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಲಿ, ನೀವು ಜಾಯಿಂಟ್ ಮೇಲೆ ಬೆರಳಿಟ್ಟಿರಿ. ಆಟ ಇದ್ದರೆ ಬೆರಳಿಗೇ ಟಕ್ ಅಂತ ಗೊತ್ತಾಗುತ್ತದೆ.

ಟೇಪ್ ಗ್ರೀಸ್ ಮೇಲೆ ಅಂಟುವುದಿಲ್ಲ. ಸೀಳು ಬೂಟ್ ದಾರಿ ಮಧ್ಯೆ ಕೈಕೊಟ್ಟಾಗ ಮನೆ ಮುಟ್ಟಿಸಬಹುದು. ಆದರೆ ಪ್ರತಿ ತಿರುವಿನಲ್ಲೂ ಹಿಗ್ಗಿ ಕುಗ್ಗುವ ವಸ್ತುವಿನಲ್ಲಿ ಅಂಟಿಸಿದ ಗೆರೆ ಎಷ್ಟು ದಿನ ನಿಂತೀತು? ಎರಡೂ ಕಡೆ ಇಡೀ ಬೂಟ್ ಹಾಕಿ. ಎರಡಕ್ಕೂ ವಯಸ್ಸು ಒಂದೇ.

ಮಣ್ಣುದಾರಿ

ಸ್ಪ್ಯಾನರ್14 ಹೇಳಿದ್ದಕ್ಕೆ ನನ್ನದೊಂದು ಪೆದ್ದುತನದ ಕಥೆ ಸೇರಿಸುತ್ತೇನೆ.

ಸ್ಟೀರಿಂಗ್ ತಿರುಗಿಸಿದಾಗ ಒಂದು ಬೂಟ್ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಕುಗ್ಗುವ ಕಡೆಯ ಗಾಳಿ ಎಲ್ಲಿಗಾದರೂ ಹೋಗಬೇಕಲ್ಲ. ಕೆಲವು ರ‍್ಯಾಕುಗಳಲ್ಲಿ ಎರಡು ಬೂಟುಗಳ ನಡುವೆ ಹೊರಗಡೆ ಒಂದು ಸಣ್ಣ ಪೈಪ್ ಇರುತ್ತದೆ. ಕೆಲವದರಲ್ಲಿ ಕಂಬಿಯ ಒಳಗೇ ಉದ್ದಕ್ಕೆ ತೂತು ಇರುತ್ತದೆ. ನಾನು ಗ್ರೀಸ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಕೈತುಂಬ ಮೆತ್ತಿದೆ, ತೂತು ಮುಚ್ಚಿಹೋಯಿತು. ಎರಡು ದಿನ ಬಿಟ್ಟು ನೋಡಿದರೆ ಒಂದು ಬೂಟ್ ಬಲೂನಿನ ಹಾಗೆ ಉಬ್ಬಿದೆ, ಇನ್ನೊಂದು ಗಾಳಿ ಹೀರಿದ ಪ್ಲಾಸ್ಟಿಕ್ ಬಾಟಲಿ ಹಾಗೆ ಒಳಗೆ ಚಪ್ಪಟೆ. ಮತ್ತೆ ಎಲ್ಲ ಬಿಚ್ಚಿದೆ. ಗ್ರೀಸ್ ಬಾಲ್ ಜಾಯಿಂಟಿಗೆ ಸಾಕು. ಪೈಪ್ ಇರುವ ಗಾಡಿಯಾದರೆ ಬೂಟಿನ ಮೂತಿ ಪೈಪಿನ ಕಡೆಗೇ ಇದೆಯಾ ನೋಡಿ ಕ್ಲ್ಯಾಂಪ್ ಬಿಗಿಯಿರಿ.

ಇನ್ನೊಂದು, ಬೂಟಿನ ಚಿಕ್ಕ ಬಾಯಿ ಟೈ ರಾಡ್ ಮೇಲೆ ಕೂರುವ ಜಾಗಕ್ಕೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ. ಅಲೈನ್‌ಮೆಂಟ್ ಮಾಡುವವರು ಟೈ ರಾಡ್ ತಿರುಗಿಸಿದಾಗ ಬೂಟ್ ಅದರ ಜೊತೆ ಸುತ್ತಿಕೊಂಡರೆ ಹಿಂಡಿದ ಬಟ್ಟೆಯ ಹಾಗಾಗುತ್ತದೆ. ಹೊಸ ಬೂಟ್ ಕೆಲವೇ ದಿನಕ್ಕೆ ಹರಿಯುವುದು ಹೆಚ್ಚಾಗಿ ಹೀಗೇ.

ಅಂದಹಾಗೆ ಇದನ್ನು ಓದಿ ಜಿಪ್ಸಿ, ಜಿಮ್ನಿ ಇರುವವರು ಗಾಡಿ ಕೆಳಗೆ ಬೂಟ್ ಹುಡುಕಲು ಹೋಗಬೇಡಿ. ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ದಂಡ) ಇರುವ ಅವುಗಳಲ್ಲಿ ಇರುವುದು ಸ್ಟೀರಿಂಗ್ ಬಾಕ್ಸ್. ಇದೆಲ್ಲ ಪ್ರಾಡೊ 90, ಲ್ಯಾಂಡ್ ಕ್ರೂಸರ್ 100 ತರಹದ ರ‍್ಯಾಕ್ ಗಾಡಿಗಳ ತಲೆನೋವು.

ಹಳೇಗಾಡಿ

ಇಬ್ಬರಿಗೂ ಥ್ಯಾಂಕ್ಸ್. ಕಂಬಿ ಒರೆಸಿ ನೋಡಿದೆ, ಉಗುರು ಎಲ್ಲೂ ಸಿಗಲಿಲ್ಲ. ಎಣ್ಣೆಯೂ ಇಲ್ಲ. ಆದರೆ ಎಡಗಡೆ ಬೂಟ್ ಸರಿಸಿದಾಗ ಒಂದು ಚಮಚದಷ್ಟು ಕಂದು ನೀರು, ಅದರ ಹಿಂದೆ ಬೂದಿಬಣ್ಣದ ಗ್ರೀಸ್ ಗಂಜಿಯ ಹಾಗೆ ಇಳಿಯಿತು. ಜಾಯಿಂಟಿನಲ್ಲಿ ಟಕ್ ಅನ್ನುವುದೂ ಸಿಕ್ಕಿತು, ಎಡಗಡೆ ಮಾತ್ರ.

ಈಗ ಹೊಸ ತೊಂದರೆ. ಹೊರಗಿನ ಟೈ ರಾಡ್ ಎಂಡ್ (ಟೈ ರಾಡಿನ ಹೊರತುದಿಯ ಜಾಯಿಂಟ್) ಚಕ್ರ ಹೊತ್ತಿರುವ ನಕಲ್‌ನಿಂದ ಬಿಡುತ್ತಲೇ ಇಲ್ಲ. ನಟ್ ಬಂತು, ಜಾಯಿಂಟ್ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಮೇಲಿಂದ ಸುತ್ತಿಗೆಯಲ್ಲಿ ಹೊಡೆಯಲಾ?

ಉದ್ದಸ್ಪ್ಯಾನರ್

ಬೇಡ ಬೇಡ, ಬೋಲ್ಟಿನ ತಲೆ ಮೇಲೆ ಹೊಡೆದರೆ ಮರೆ (ಥ್ರೆಡ್) ಹಾಳಾಗುತ್ತದೆ. ನಟ್ ವಾಪಸ್ ಎರಡು ಮೂರು ಸುತ್ತು ಹಾಕಿಡಿ, ಬಿಟ್ಟಾಗ ಎಲ್ಲ ಕೆಳಗೆ ಬೀಳದಿರಲಿ. ಆ ಬೋಲ್ಟ್ ಮೊಟಕು ಶಂಕುವಿನ ಹಾಗೆ ತೂತಿನಲ್ಲಿ ಬಿಗಿದು ಕೂತಿದೆ. ಹೊಡೆಯಬೇಕಾದದ್ದು ನಕಲ್‌ನ ಆ ಕಣ್ಣಿನ (ತೂತಿರುವ ಭಾಗದ) ಪಕ್ಕಕ್ಕೆ. ಒಂದು ಭಾರದ ಸುತ್ತಿಗೆಯನ್ನು ಒಂದು ಬದಿಗೆ ಒತ್ತಿಹಿಡಿದು, ಎದುರು ಬದಿಯಿಂದ ಇನ್ನೊಂದರಲ್ಲಿ ಜೋರಾಗಿ ನಾಲ್ಕು ಏಟು. ಕಣ್ಣು ಕ್ಷಣಮಾತ್ರ ಹಿಗ್ಗಿ ಪಟ್ ಅಂತ ಬಿಡುತ್ತದೆ. ಸ್ಕ್ರೂ ಇರುವ ಪುಲ್ಲರ್ ಸಿಕ್ಕರೆ ಇನ್ನೂ ಒಳ್ಳೆಯದು. ಕವಲು ಇರುವ ಫೋರ್ಕ್ ಮಾತ್ರ ತುರುಕಬೇಡಿ, ಒಂದು ಬೂಟ್ ಸರಿಮಾಡಲು ಹೋಗಿ ಇನ್ನೊಂದರ ರಬ್ಬರ್ ಹರಿದುಕೊಳ್ಳುತ್ತೀರಿ.

ಟೈ ರಾಡ್ ಮೇಲೆ ಆ ಎಂಡನ್ನು ಬಿಗಿದಿಡುವ ಲಾಕ್ ನಟ್ ಸಡಿಲ ಮಾಡಿದ್ದೀರಾ? ಎಂಡ್ ನಕಲ್‌ನಲ್ಲಿ ಕೂತಿರುವಾಗಲೇ ಅದನ್ನು ಕಾಲು ಸುತ್ತು ಬಿಡಿಸಿಕೊಳ್ಳಿ. ಬಿಟ್ಟ ಮೇಲೆ ಆ ಎಂಡ್ ಹಿಡಿದುಕೊಳ್ಳಲು ಮೂರನೇ ಕೈ ಬೇಕಾಗುತ್ತದೆ. ಬಿಚ್ಚುವಾಗ ಎಷ್ಟು ಸುತ್ತು ಬಂತು ಎಣಿಸಿ ಬರೆದಿಡಿ, ಪೇಂಟಿನಲ್ಲಿ ಗುರುತೂ ಹಾಕಿ. ಹೊಸ ಬೂಟ್ ತೂರಿಸುವಾಗ ಮರೆಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಚಿಕ್ಕ ಬಾಯಿ ಕೊಯ್ದುಹೋಗುತ್ತದೆ. ಟೇಪಿಗೆ ಇಲ್ಲಿ ಕೆಲಸ ಇದೆ ನೋಡಿ.

ಟಕ್ ಅಂದಿದ್ದರೆ ಎಡಗಡೆ ಒಳಗಿನ ಜಾಯಿಂಟೂ ಹೊಸದು ಹಾಕಿ. ಹಲವು ರ‍್ಯಾಕುಗಳಲ್ಲಿ ಅದರ ಹಿಂದೆ ಅಂಚು ಮಡಚಿ ಲಾಕ್ ಮಾಡುವ ವಾಷರ್ ಇರುತ್ತದೆ. ಹಳೆಯದನ್ನು ಮತ್ತೆ ಬಡಿದು ಹಾಕಬೇಡಿ.

ಸುತ್ತು ಎಣಿಸಿದ್ದೀನಲ್ಲ, ಅಲೈನ್‌ಮೆಂಟ್ ಯಾಕೆ ಅನ್ನುತ್ತೀರೇನೋ. ಮರೆಯ ಅಂತರ 1.5 ಮಿಮೀ, ನಕಲ್‌ನ ತೋಳು 15 ಸೆಂಮೀ ಅಂತ ಇಟ್ಟುಕೊಂಡರೆ, ಒಂದೇ ಒಂದು ಸುತ್ತು ತಪ್ಪಿದರೂ ಚಕ್ರ ಅರ್ಧ ಡಿಗ್ರಿಗಿಂತ ಜಾಸ್ತಿ ತಿರುಗುತ್ತದೆ. ಟೈರ್ ಒಂದೇ ಅಂಚಿನಲ್ಲಿ ಸವೆಯಲು ಅಷ್ಟು ಸಾಕು. ಅದರ ಮೇಲೆ ಹೊಸ ಜಾಯಿಂಟಿನ ಉದ್ದ ಹಳೆಯದರಷ್ಟೇ ಇರಬೇಕು ಅಂತೇನಿಲ್ಲ. ಎಣಿಕೆ ಇರುವುದು ಅಲೈನ್‌ಮೆಂಟ್ ಜಾಗದವರೆಗೆ ನೆಟ್ಟಗೆ ಓಡಿಸಿಕೊಂಡು ಹೋಗಲು.

ಮಣ್ಣುದಾರಿ

ಎಂಡಿನ ನಟ್ ಸಡಿಲವಾಗದಂತೆ ತೂರಿಸುವ ಸ್ಪ್ಲಿಟ್ ಪಿನ್ ಹೊಸದು ಹಾಕಲು ಮರೆಯಬೇಡಿ. ಅದರ ತೂತಿಗೆ ಸರಿಹೊಂದಿಸಲು ನಟ್ ಹಿಂದಕ್ಕೆ ಬಿಡುವ ಅಭ್ಯಾಸ ಕೆಲವರಿಗಿದೆ. ಮುಂದಕ್ಕೆ ಬಿಗಿದೇ ಹೊಂದಿಸಬೇಕು. ದೊಡ್ಡ ಬಾಯಿಗೆ ಕೇಬಲ್ ಟೈ ಹಾಕಬೇಡಿ, ನೀರಿಗಿಳಿಯುವ ಗಾಡಿಗೆ ಲೋಹದ ಕ್ಲ್ಯಾಂಪೇ ಸರಿ.

ಸ್ಪ್ಯಾನರ್14

ಒಳ್ಳೆಯ ಕೇಬಲ್ ಟೈ ಹಾಕಿ ವರ್ಷಗಟ್ಟಲೆ ಓಡಿಸಿದ್ದೇನೆ ಮಾರಾಯ. ಆದರೆ ನಾನು ಹಳ್ಳ ದಾಟುವವನಲ್ಲ, ಆ ಮಾತು ಒಪ್ಪಿದೆ.

ಹಳೇಗಾಡಿ

ನಾಲ್ಕಲ್ಲ, ಹನ್ನೊಂದು ಏಟು ಬೇಕಾಯಿತು. ಬಿಟ್ಟಾಗ ಬಂದ ಶಬ್ದಕ್ಕೆ ಗಾಡಿಯೇ ಮುರಿಯಿತು ಅಂದುಕೊಂಡೆ. ಎರಡೂ ಬೂಟ್, ಎಡಗಡೆ ಒಳಗಿನ ಜಾಯಿಂಟ್, ಹೊಸ ವಾಷರ್, ಲೋಹದ ಕ್ಲ್ಯಾಂಪ್ ಎಲ್ಲ ಹಾಕಿದೆ. ಎಣಿಸಿದ್ದು 22 ಸುತ್ತು, ಅಷ್ಟೇ ವಾಪಸ್ ಹಾಕಿದರೂ ನೆಟ್ಟಗೆ ಹೋಗುವಾಗ ಸ್ಟೀರಿಂಗ್ ಒಂದು ಬೆರಳಷ್ಟು ಎಡಕ್ಕೆ ವಾಲಿಕೊಂಡಿದೆ. ನಾಳೆ ಬೆಳಗ್ಗೆ ಅಲೈನ್‌ಮೆಂಟಿಗೆ. ಬೂಟ್ ತಿರುಚಿಕೊಳ್ಳದ ಹಾಗೆ ನಾನೇ ಪಕ್ಕದಲ್ಲಿ ನಿಂತು ನೋಡುತ್ತೇನೆ.