ಬೋಲ್ಟ್ ಆಕ್ಷನ್ ರೈಫಲ್‌ಗೆ ಯಾವ ಬೈಪಾಡ್ ಸೂಕ್ತ?

ಪ್ರಶ್ನೆ – ಡೆನ್ವರ್‌ವಾಸಿ

ನನ್ನ ಬಳಿ 6.5 ಕ್ರೀಡ್‌ಮೂರ್ ಕ್ಯಾಲಿಬರಿನ ಟಿಕ್ಕಾ ಟಿ3ಎಕ್ಸ್ ಬೋಲ್ಟ್ ಆಕ್ಷನ್ ರೈಫಲ್ ಇದೆ. ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ ಸ್ಟಾಕನ್ನು (ನಳಿಗೆಯನ್ನು ಹೊತ್ತು ಭುಜಕ್ಕೆ ಆನಿಸುವ ಚೌಕಟ್ಟು) ಬದಲಿಸಿಲ್ಲ. ಕೊಲರಾಡೋದ ರೇಂಜ್‌ನಲ್ಲಿ ನೆಲದ ಮೇಲೆ ಬೋರಲಾಗಿ ಮಲಗಿ 100ರಿಂದ 600 ಗಜ ದೂರದ ಗುರಿಗಳಿಗೆ ಹೊಡೆಯುವುದೇ ಮುಖ್ಯ ಬಳಕೆಯಾದರೂ, ಋತು ಬಂದಾಗ ಜಿಂಕೆ ಬೇಟೆಗೂ ಒಯ್ಯಬೇಕೆಂದಿದ್ದೇನೆ. ರೈಫಲಿನ ಮುಂಭಾಗಕ್ಕೆ ಆಸರೆಯಾಗುವ ಎರಡು ಕಾಲಿನ ಬೈಪಾಡ್ ಬೇಕಾಗಿದೆ; ಹ್ಯಾರಿಸ್, ಮ್ಯಾಗ್‌ಪುಲ್, ಅಟ್ಲಾಸ್ ಮೂರರಲ್ಲಿ ಯಾವುದನ್ನು ಕೊಳ್ಳಲಿ? ಅಟ್ಲಾಸ್‌ಗೆ ಕೊಡುವ ಹೆಚ್ಚಿನ ಹಣಕ್ಕೆ ತಕ್ಕ ಪ್ರಯೋಜನ ನಿಜವಾಗಿಯೂ ಉಂಟೇ?

ಉತ್ತರ – ಗುರಿಗಾರ

ಕಂಪನಿಗಿಂತ ಮೊದಲು ಎತ್ತರವನ್ನು ನಿಶ್ಚಯಿಸಿಕೊಳ್ಳಿ. ಮಲಗಿ ಹೊಡೆಯುವವರಿಗೆ 6ರಿಂದ 9 ಇಂಚಿನದು ಸರಿಹೋಗುತ್ತದೆ. ಹುಲ್ಲು ಬೆಳೆದ ಕಡೆ ಅಥವಾ ಇಳಿಜಾರಿನಲ್ಲಿ 9ರಿಂದ 13 ಇಂಚಿನದು ಅನುಕೂಲವೆನಿಸಿದರೂ, ಕಾಲು ಉದ್ದವಾದಷ್ಟೂ ಅಲುಗಾಟ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು. ಹ್ಯಾರಿಸ್ ಮಾದರಿಗಳ ಹೆಸರಿನಲ್ಲಿ 'ಬಿಆರ್' ಎಂದರೆ 6–9 ಇಂಚು, 'ಎಲ್' ಎಂದರೆ 9–13 ಇಂಚು, ಕೊನೆಯ 'ಎಂ' ಎಂದರೆ ಎತ್ತರವನ್ನು ಹಂತಹಂತವಾಗಿ ನಿಲ್ಲಿಸಲು ಕಾಲುಗಳಲ್ಲಿ ಹಲ್ಲುಗಳಿವೆ ಎಂದರ್ಥ. ಮೊದಲಿನ 'ಎಸ್' ಇದ್ದರೆ ಮಾತ್ರ ರೈಫಲನ್ನು ಎಡಬಲಕ್ಕೆ ವಾಲಿಸಬಹುದು.

ಆ 'ಎಸ್' ಇಲ್ಲದ್ದನ್ನು ದಯವಿಟ್ಟು ಕೊಳ್ಳಬೇಡಿ. ನೆಲ ಸಮತಟ್ಟಾಗಿಲ್ಲದಿದ್ದಾಗ ರೈಫಲ್ ಒಂದು ಬದಿಗೆ ವಾಲಿಯೇ ನಿಲ್ಲುತ್ತದೆ. ನಿಮ್ಮ ಕ್ಯಾಲಿಬರ್‌ನಲ್ಲಿ 600 ಗಜಕ್ಕೆ ಗುಂಡು ಕೆಳಗಿಳಿಯುವುದನ್ನು ಸರಿದೂಗಿಸಲು ಸ್ಕೋಪ್‌ನಲ್ಲಿ (ಗುರಿ ನೋಡುವ ದೂರದರ್ಶಕ) ಹೆಚ್ಚುಕಡಿಮೆ 80 ಇಂಚಿನಷ್ಟು ಏರಿಕೆ ಕೊಡಬೇಕಾಗುವುದರಿಂದ, ಕೇವಲ 5 ಡಿಗ್ರಿ ವಾಲಿದರೂ ಗುಂಡು ಸುಮಾರು 7 ಇಂಚು ಪಕ್ಕಕ್ಕೆ ಹೋಗುತ್ತದೆ. ಹೊಡೆದವರು ಅದನ್ನು ಗಾಳಿಯ ತಪ್ಪೆಂದು ಭಾವಿಸಿ ಸ್ಕೋಪ್ ತಿರುಗಿಸುತ್ತಾರೆ.

ಅಟ್ಲಾಸ್‌ನಲ್ಲಿ ಕಾಲುಗಳನ್ನು ಮುಂದಕ್ಕೂ ಹಿಂದಕ್ಕೂ 45 ಡಿಗ್ರಿಯಲ್ಲಿ ನಿಲ್ಲಿಸಬಹುದು, ರೈಫಲನ್ನು ಪಕ್ಕಕ್ಕೆ ತಿರುಗಿಸಲೂಬಹುದು. ಚಲಿಸುವ ಗುರಿಯನ್ನು ಹಿಂಬಾಲಿಸುವವರಿಗೆ ಅದು ಉಪಯುಕ್ತ. ಕಾಗದದ ಗುರಿಗೆ ಹೊಡೆಯುವಾಗ ಅದರ ಅಗತ್ಯ ನನಗೆ ಕಂಡುಬಂದಿಲ್ಲ.

ಉತ್ತರ – ಮರದ ಸ್ಟಾಕ್

ಮೇಲಿನ ಮಾತುಗಳೆಲ್ಲ ಸರಿ, ಆದರೆ ಇಲ್ಲಿ ಬೈಪಾಡ್‌ಗಿಂತ ಸ್ಟಾಕ್‌ನ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಬೈಪಾಡ್ ಮೇಲೆ ಭುಜದಿಂದ ಒತ್ತಡ ಹಾಕಿದಾಗ ತೆಳುವಾದ ಪ್ಲಾಸ್ಟಿಕ್ ಸ್ಟಾಕ್‌ನ ಮುಂಭಾಗ ಮೇಲಕ್ಕೆ ಬಾಗಿ ನಳಿಗೆಯನ್ನು ಮುಟ್ಟುವ ಸಾಧ್ಯತೆಯಿದೆ. ಹಾಗಾದರೆ ಪ್ರತಿ ಗುಂಡಿಗೂ ಒತ್ತಡ ಬದಲಾಗಿ ಗುಂಡುಗಳು ಹರಡುತ್ತವೆ, ಎಷ್ಟು ದುಬಾರಿಯ ಬೈಪಾಡ್ ಇದ್ದರೂ ಅದಕ್ಕೆ ಪರಿಹಾರವಿಲ್ಲ. ಪರೀಕ್ಷೆ ಸುಲಭ: ರೈಫಲ್ ಖಾಲಿಯಿದೆ ಎಂದು ಚೇಂಬರ್ (ಗುಂಡು ಕೂರುವ ಜಾಗ) ನೋಡಿ ಖಚಿತಪಡಿಸಿಕೊಂಡು, ಗೆಳೆಯರ ಬೈಪಾಡೊಂದನ್ನು ಜೋಡಿಸಿ, ಎಂದಿನಂತೆ ಮಲಗಿ ಭಾರ ಹಾಕಿರಿ. ಆಗ ಇನ್ನೊಬ್ಬರು ಪಕ್ಕದಿಂದ ನಳಿಗೆ ಮತ್ತು ಸ್ಟಾಕ್‌ನ ನಡುವೆ ಒಂದು ಡಾಲರ್ ನೋಟನ್ನು ತೂರಿಸಿ ಎಳೆಯಲಿ. ನೋಟು ಎಲ್ಲಿಯೂ ಸಿಕ್ಕಿಕೊಳ್ಳದೆ ಜಾರಿದರೆ ಸ್ಟಾಕ್ ತಾಳುತ್ತದೆ. ಸಿಕ್ಕಿಕೊಂಡರೆ ಅಟ್ಲಾಸ್‌ಗೆಂದು ಇಟ್ಟ ಹಣವನ್ನು ಗಟ್ಟಿಯಾದ ಸ್ಟಾಕ್‌ಗೆ ಹಾಕಿ.

ಉತ್ತರ – ಬೆಟ್ಟದ ಹಾದಿ

ಹಿಂಬದಿಯ ಚೀಲವನ್ನು ಯಾರೂ ಪ್ರಸ್ತಾಪಿಸಿಲ್ಲ. ಬೈಪಾಡ್ ಮುಂಭಾಗವನ್ನಷ್ಟೇ ಹೊರುತ್ತದೆ. ಹಿಂಭಾಗದ ಕೆಳಗೆ ಒಂದು ಸಣ್ಣ ಚೀಲವನ್ನಿಟ್ಟು, ಅದನ್ನು ಎಡಗೈಯಿಂದ ಹಿಸುಕುತ್ತ ಎತ್ತರವನ್ನು ಹೊಂದಿಸಿಕೊಳ್ಳದ ಹೊರತು ಸ್ಕೋಪ್‌ನೊಳಗಿನ ಕ್ರಾಸ್‌ಹೇರ್ (ಗುರಿಯ ಅಡ್ಡಗೆರೆಗಳು) ಸ್ಥಿರವಾಗುವುದಿಲ್ಲ. ಕಾಂಕ್ರೀಟ್ ನೆಲದಲ್ಲಿ ಬೈಪಾಡ್ ಪುಟಿಯುವುದರಿಂದ ಕಾಲುಗಳ ಕೆಳಗೆ ಒರಟಾದ ಚಾಪೆಯೊಂದನ್ನು ಹಾಸಿಕೊಳ್ಳಿ. ಎಫ್-ಟಿಆರ್ (ಬೈಪಾಡ್ ಬಳಸಿ ಮಲಗಿ ದೂರದ ಗುರಿಗೆ ಹೊಡೆಯುವ) ಸ್ಪರ್ಧೆಯವರು ಬಳಸುವ ಅಗಲವಾದ ಬೈಪಾಡ್‌ಗಳನ್ನು ನೋಡಿ ಆಸೆಪಡಬೇಡಿ: ಅಲ್ಲಿ ಬೈಪಾಡ್ ಸೇರಿ ರೈಫಲ್ 8.25 ಕಿಲೋವರೆಗೂ ತೂಗಬಹುದು, ಅದನ್ನು ಹೊತ್ತು ಬೆಟ್ಟ ಹತ್ತುವ ಪ್ರಮೇಯವೇ ಅವರಿಗಿಲ್ಲ. ಬೇಟೆಗೆ ಹೋಗುವಾಗ ಬೈಪಾಡ್ ಕಳಚುವುದಾದರೆ, ಅದಿಲ್ಲದೆಯೂ ಗುಂಡು ಅಲ್ಲಿಗೇ ಬೀಳುತ್ತದೆಯೇ ಎಂದು ಮೊದಲೇ ರೇಂಜ್‌ನಲ್ಲಿ ಹೊಡೆದು ನೋಡಿಕೊಳ್ಳಿ.

ಡೆನ್ವರ್‌ವಾಸಿ

ಎಲ್ಲರಿಗೂ ಧನ್ಯವಾದಗಳು. ಮೊದಲು ನೋಟಿನ ಪರೀಕ್ಷೆ ಮಾಡುತ್ತೇನೆ. ಸ್ಟಾಕ್ ತಾಳಿದರೆ ಹ್ಯಾರಿಸ್‌ನ ಎಸ್-ಬಿಆರ್‌ಎಂ ಮಾದರಿಯನ್ನೇ ಕೊಳ್ಳುವೆ. ಅದನ್ನು ಸ್ಟಾಕ್‌ನ ಮುಂಭಾಗದಲ್ಲಿ ಹೆಗಲಿನ ಬೆಲ್ಟ್ ಸಿಕ್ಕಿಸುವ ಸ್ಟಡ್‌ಗೆ ನೇರವಾಗಿ ಜೋಡಿಸಬಹುದೇ?

ಉತ್ತರ – ಮರದ ಸ್ಟಾಕ್

ಜೋಡಿಸಬಹುದು, ಬೇರೆ ರೈಲ್ (ಬಿಡಿಭಾಗ ಕೂರಿಸುವ ಪಟ್ಟಿ) ಬೇಕಾಗಿಲ್ಲ. ಕೆಲವು ಗುಂಡುಗಳ ನಂತರ ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡಿ ಮತ್ತೆ ಬಿಗಿಮಾಡಿ.