ಪೇವರ್ ಹಾಕುವ ಮುಂಚೆ ಮರದ ಬೊಡ್ಡೆ ಕೀಳಲೇಬೇಕಾ?

ಪ್ರಶ್ನೆ: ನಮ್ಮ ಮನೆ ದಾವಣಗೆರೆಯಲ್ಲಿ, ಎರೆ ಮಣ್ಣಿನ ಜಾಗ. ಗೇಟಿನಿಂದ ಪೋರ್ಟಿಕೋವರೆಗೆ ಕಾರು ಬರಲು ಇಂಟರ್‌ಲಾಕ್ ಪೇವರ್ ಹಾಕಿಸಬೇಕು. ದಾರಿಯಲ್ಲಿ ಒಂದು ತೆಂಗು, ಕಾಂಪೌಂಡ್ ಪಕ್ಕದಲ್ಲೇ ಒಂದು ಗುಲ್‌ಮೊಹರ್ ಇದೆ. "ನೆಲಮಟ್ಟಕ್ಕೆ ಕೊಯ್ದು ಮೇಲೆ ಜಲ್ಲಿ ಸುರಿದರೆ ಸಾಕು, ಬುಡ ಕೀಳೋದು ಸುಮ್ನೆ ಖರ್ಚು" ಅಂತಾರೆ ಮೇಸ್ತ್ರಿ. ಹೌದಾ ಸರ್?

ಉತ್ತರ (ಸಿವಿಲ್ ಎಂಜಿನಿಯರ್): ಹಾಗೆ ಮಾಡಬೇಡಿ, ಬುಡ ಕೀಳಿಸಲೇಬೇಕು. ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಮೇಸ್ತ್ರಿಗಳು ಹಾಗೆ ಹೇಳುತ್ತಾರೆ. ಬೊಡ್ಡೆ ಒಳಗೇ ಕೊಳೆತ ಮೇಲೆ ಅಲ್ಲಿ ಪೊಳ್ಳಾಗುತ್ತದೆ. ಕಾರಿನ ಚಕ್ರ ಹೋಗುವ ಜಾಗದಲ್ಲೇ ಪೇವರ್ ಕುಸಿಯುತ್ತದೆ. ಗೆದ್ದಲು ಬೇರೆ ಸೇರಿಕೊಳ್ಳುತ್ತದೆ. ಬೊಡ್ಡೆ ಮುಗಿದ ಮೇಲೆ ಅದರ ಕಣ್ಣು ನಿಮ್ಮ ಬಾಗಿಲು ಚೌಕಟ್ಟಿನ ಮೇಲೆ.

ತೆಂಗು ಸುಲಭ. ಅದರ ಬೇರು ದಪ್ಪ ಆಗುವುದಿಲ್ಲ, ಬುಡದ ಗಡ್ಡೆ ಬಂದರೆ ಕೆಲಸ ಮುಗಿದಂತೆ. ಆದರೆ ಪೂರ್ತಿ ಕೊಯ್ಯಬೇಡಿ. ನಾಲ್ಕೈದು ಅಡಿ ಕಾಂಡ ಉಳಿಸಿ, ಜೆಸಿಬಿ ಅದನ್ನು ತಳ್ಳಿದರೆ ಬುಡ ಸಮೇತ ಏಳುತ್ತದೆ. ಕಿತ್ತ ಬೊಡ್ಡೆಯನ್ನು ಹಿತ್ತಲಲ್ಲಿ ಬಿಡಬೇಡಿ. ಕೊಳೆತ ತೆಂಗಿನಲ್ಲಿ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ, ಅಕ್ಕಪಕ್ಕದವರ ತೆಂಗಿನ ಸುಳಿಗೆ ಕುತ್ತು.

ಗುಲ್‌ಮೊಹರ್ ಕಥೆ ಬೇರೆ. ಬೇರು ಆಳಕ್ಕಿಂತ ಅಗಲಕ್ಕೆ ಹೋಗುತ್ತದೆ. ಕಾಂಪೌಂಡ್ ಪಾಯದ ಅಡಿಗೂ ಹೋಗಿರಬಹುದು, ಜೆಸಿಬಿಯಿಂದ ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ. ಮೊದಲು ಗೋಡೆ ಉದ್ದಕ್ಕೂ ಕೈಯಿಂದ ಅಗೆಸಿ ಬೇರು ಕಡಿಸಿ, ಆಮೇಲೆ ಬುಡಕ್ಕೆ ಕೈಹಾಕಿ. ದಾರಿಯ ಅಡಿಯಲ್ಲಿ ಹೆಬ್ಬೆರಳಿಗಿಂತ ದಪ್ಪ ಇರುವ ಬೇರೆಲ್ಲ ತೆಗೆಸಿ. ಸಂಪ್, ನೀರಿನ ಪೈಪು, ಯುಜಿಡಿ (ಒಳಚರಂಡಿ) ಲೈನ್ ಎಲ್ಲಿವೆ ಅಂತ ಮುಂಚೆಯೇ ಸುಣ್ಣದಲ್ಲಿ ಗುರುತು ಹಾಕಿ.

ಗುಂಡಿ ಮುಚ್ಚುವುದರಲ್ಲೇ ಜಾಸ್ತಿ ಜನ ಕೆಡಿಸುವುದು. ಅಗೆದ ಎರೆ ಮಣ್ಣನ್ನೇ ವಾಪಸ್ ತುಂಬಬೇಡಿ. ಗರಸು ತರಿಸಿ, ಆರಾರು ಇಂಚು ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ಧಮ್ಮಸ್ ಮಾಡಿಸಿ (ಬಡಿದು ಗಟ್ಟಿ ಮಾಡಿಸಿ). ಒಂದೇ ಸಲ ತುಂಬಿ ಮೇಲೆ ರೋಲರ್ ಓಡಿಸಿದರೆ ಕೆಳಗೆ ಸಡಿಲವೇ. ಅದರ ಮೇಲೆ ಆರು ಇಂಚು ಜಲ್ಲಿ, ಒಂದೂವರೆ ಇಂಚು ಎಂ-ಸ್ಯಾಂಡ್. ಕಾರಿಗೆ 60 ಎಂಎಂ ಪೇವರ್ ಸಾಕು.

ಪ್ರಶ್ನೆ: ಮರ ಕಡಿಯಲು ಪರ್ಮಿಷನ್ ಬೇಕಾ? ನಮ್ಮದೇ ಜಾಗ ಅಲ್ವಾ?

ಉತ್ತರ: ಜಾಗ ನಿಮ್ಮದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ತೆಂಗಿಗೆ ವಿನಾಯಿತಿ ಇದೆ. ವಿನಾಯಿತಿ ಪಟ್ಟಿ ಆಮೇಲೆ ತಿದ್ದುಪಡಿಯಾಗಿದೆ, ಹಾಗಾಗಿ ಗುಲ್‌ಮೊಹರ್ ಬಗ್ಗೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿ ಹತ್ತಿರ ಕೇಳಿಯೇ ಕೊಡಲಿ ಎತ್ತಿ.

ಇನ್ನೊಬ್ಬರು: ಬೊಡ್ಡೆಗೆ ತೂತು ಕೊರೆದು ಉಪ್ಪು, ಸೀಮೆಎಣ್ಣೆ ಸುರಿದರೆ ಸಾಯುತ್ತದಂತೆ?

ಉತ್ತರ: ಸತ್ತರೂ ಬೊಡ್ಡೆ ಅಲ್ಲೇ ಇರುತ್ತದಲ್ಲ! ಉಪ್ಪು ಮಣ್ಣನ್ನೂ ಹಾಳು ಮಾಡುತ್ತದೆ. ಸೀಮೆಎಣ್ಣೆ, ಬೆಂಕಿ ಮನೆ ಹತ್ತಿರ ಬೇಡವೇ ಬೇಡ.

ಪ್ರಶ್ನೆ: ಎಲ್ಲ ಮುಗಿದ ತಕ್ಷಣ ಪೇವರ್ ಹಾಕಬಹುದಾ?

ಉತ್ತರ: ಒಂದು ಮಳೆಗಾಲ ಕಾದರೆ ಒಳ್ಳೆಯದು. ಇಷ್ಟು ದಿನ ನೀರು ಹೀರುತ್ತಿದ್ದ ಮರ ಈಗ ಇಲ್ಲ, ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ. ಅಲ್ಲಿಯವರೆಗೆ ಜಲ್ಲಿ ಮೇಲೆಯೇ ಕಾರು ಓಡಿಸಿ, ಕೂರುವಷ್ಟು ಕೂರಲಿ. ಕಾಯಲು ಆಗದಿದ್ದರೂ ಕಾಂಕ್ರೀಟ್ ಮಾತ್ರ ಬೇಡ, ಅದು ಬಿರುಕು ಬಿಡುತ್ತದೆ. ಪೇವರ್ ಆದರೆ ಆ ಭಾಗ ಎಬ್ಬಿಸಿ, ಮಟ್ಟ ಮಾಡಿ ಮತ್ತೆ ಕೂರಿಸಬಹುದು.