ಟಿಎಗೆ (ಟೆರಿಟೋರಿಯಲ್ ಆರ್ಮಿ) ಸೇರಿದರೆ ಎಲ್ಲಿವರೆಗೆ ಮೇಲೆ ಹೋಗಬಹುದು? ನಿಜವಾಗಿ ಕೆಲಸ ಕೊಡ್ತಾರಾ?

ಬೆಣ್ಣೆದೋಸೆ_34:
ಎಲ್ಲರಿಗೂ ನಮಸ್ಕಾರ. ವಯಸ್ಸು 34. ದಾವಣಗೆರೆಯಲ್ಲಿ ನಮ್ಮದೇ ಪೈಪ್, ಪಂಪ್‌ಸೆಟ್ ಅಂಗಡಿ ಇದೆ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ್ದೆ. ಎರಡು ಸಲ ಎಸ್‌ಎಸ್‌ಬಿಗೆ (ಸೇನಾ ಅಧಿಕಾರಿಗಳ ಆಯ್ಕೆ ಸಂದರ್ಶನ) ಹೋಗಿ ವಾಪಸ್ ಬಂದವನು ನಾನು. ನಮ್ಮ ಉದ್ಯೋಗ ಬಿಡದೆ ಅರೆಕಾಲಿಕವಾಗಿ ಸೇವೆ ಮಾಡುವ ಟೆರಿಟೋರಿಯಲ್ ಆರ್ಮಿಗೆ 42ರವರೆಗೂ ಅರ್ಜಿ ಹಾಕಬಹುದು ಅಂತ ಗೊತ್ತಾದ ಮೇಲೆ ಮತ್ತೆ ಆಸೆ ಹುಟ್ಟಿದೆ. ಹೆಂಡತಿ "ವರ್ಷಕ್ಕೆ ಎರಡು ತಿಂಗಳು ತಾನೇ, ಹೋಗಿ ಬನ್ನಿ" ಅಂತಾಳೆ. ಅಪ್ಪ ಮಾತ್ರ "ಯೂನಿಫಾರಂ ಹಾಕಿ ಫೋಟೋ ತೆಗೆಸಿಕೊಳ್ಳೋಕೆ ಹೋಗ್ತೀಯಾ?" ಅಂತ ಕೇಳಿದರು. ಅದು ಚುಚ್ಚಿತು. ಹತ್ತು ಹದಿನೈದು ವರ್ಷ ಇದ್ದವರು ಯಾವ ಹುದ್ದೆಗೆ ಹೋಗ್ತಾರೆ? ಜನರನ್ನು ನಡೆಸುವ ಕೆಲಸ ನಿಜವಾಗಿ ಸಿಗುತ್ತಾ?

ಗಲ್ಲಿಕ್ರಿಕೆಟ್:
ಧೋನಿ 2011ರಲ್ಲಿ ನೇರ ಲೆಫ್ಟಿನೆಂಟ್ ಕರ್ನಲ್ ಆದ್ರಲ್ಲ. ಪಂಪ್‌ಸೆಟ್ ಬಿಟ್ಟು ಬ್ಯಾಟ್ ಹಿಡೀರಿ ಸರ್.

ಹಳೇಜೋಂಗಾ:
ಧೋನಿಯವರದು ಗೌರವ ಹುದ್ದೆ. ಕಪಿಲ್ ದೇವ್‌ಗೆ 2008ರಲ್ಲಿ ಕೊಟ್ಟರು, ನೀರಜ್ ಚೋಪ್ರಾಗೆ 2025ರಲ್ಲಿ. ಹಾಗಂತ ನಗಬೇಡಿ. 2019ರಲ್ಲಿ ಧೋನಿ 106ನೇ ಪ್ಯಾರಾ ಟಿಎ ಬೆಟಾಲಿಯನ್ ಜೊತೆ ಕಾಶ್ಮೀರದಲ್ಲಿ ಎರಡು ವಾರ ಇದ್ದು ಬಂದರು. ನಮ್ಮ ಬೆಂಗಳೂರಿನ ಬೆಟಾಲಿಯನ್ ಅದು.

ನಮ್ಮಂಥವರ ದಾರಿ ಬೇರೆ. ನಾನು ಚಿಕ್ಕೋಡಿ ಕಡೆಯವನು. 29ಕ್ಕೆ ಸೇರಿ ಲೆಫ್ಟಿನೆಂಟ್ ಕರ್ನಲ್ ಆಗಿ ಹೊರಗೆ ಬಂದೆ. ಸೇರುವಾಗ ಎಲ್ಲರೂ ಲೆಫ್ಟಿನೆಂಟೇ. ಸಚಿನ್ ಪೈಲಟ್ 2012ರಲ್ಲಿ ಸೇರಿದಾಗ ಕೇಂದ್ರ ಸಚಿವರು, ಅವರ ಭುಜದ ಮೇಲೂ ಎರಡೇ ನಕ್ಷತ್ರ. ಮೊದಲ ವರ್ಷ ಒಂದು ತಿಂಗಳ ತರಬೇತಿ. ಎರಡು ವರ್ಷದೊಳಗೆ ಚೆನ್ನೈನ ಓಟಿಎನಲ್ಲಿ (ಅಧಿಕಾರಿಗಳ ತರಬೇತಿ ಅಕಾಡೆಮಿ) ಮೂರು ತಿಂಗಳು. ಆಮೇಲೆ ವರ್ಷ ವರ್ಷ ಕ್ಯಾಂಪ್. ಲೆಫ್ಟಿನೆಂಟ್ ಕರ್ನಲ್‌ವರೆಗೆ ಸೇವೆ ತುಂಬಿದ ಹಾಗೆ, ಷರತ್ತು ಪೂರೈಸಿದರೆ, ಬಡ್ತಿ ಬರುತ್ತದೆ. ಕರ್ನಲ್, ಬ್ರಿಗೇಡಿಯರ್ ಆಗಬೇಕಾದರೆ ಆಯ್ಕೆ ಆಗಬೇಕು. ತೀರಾ ಕಡಿಮೆ ಜನ ಮುಟ್ಟುತ್ತಾರೆ. ಒಡಿಶಾದ ಕೆ.ಪಿ. ಸಿಂಗ್ ದೇವ್ ಕೇಂದ್ರ ಸಚಿವರೂ ಆಗಿದ್ದರು, ಟಿಎ ಬ್ರಿಗೇಡಿಯರೂ ಆಗಿದ್ದರು. ಬೆಟಾಲಿಯನ್ ಮಾತ್ರ ಸಾಮಾನ್ಯವಾಗಿ ರೆಗ್ಯುಲರ್ ಸೇನೆಯಿಂದ ಬಂದ ಕರ್ನಲ್ ಸಾಹೇಬರ ಕೈಯಲ್ಲೇ. ನಮ್ಮ ಪಾಲಿಗೆ ಬರೋದು ಕಂಪನಿ, ಅಂದರೆ ಬೆಟಾಲಿಯನ್ನಿನ ಒಂದು ತುಕಡಿ. ನೂರಕ್ಕೂ ಜಾಸ್ತಿ ಜನ.

ಅದು ಸಣ್ಣ ಕೆಲಸ ಅಂದುಕೊಂಡಿದ್ದೆ. ಜಮ್ಮು ಕಡೆ ಮೊದಲ ಸಲ ಕಂಪನಿ ನನಗೆ ಬಂದಾಗ ಮೊದಲ ತಲೆನೋವು ಶತ್ರುವಲ್ಲ, ರಜೆ. ನಮ್ಮ ಜವಾನರು ಊರಲ್ಲಿ ರೈತರು. ಕಬ್ಬು ಕಟಾವಿನ ಹೊತ್ತಿಗೆ ಎಲ್ಲರಿಗೂ ಛುಟ್ಟಿ ಬೇಕು. ನಾನು ಊರಿನ ನೌಕರಿಯಲ್ಲಿ ಸೇಲ್ಸ್ ಟೀಂ ನೋಡಿಕೊಂಡವನು, ಅಲ್ವಾ? ಕಂಪ್ಯೂಟರಿನಲ್ಲಿ ಚೆಂದ ಪಟ್ಟಿ ಮಾಡಿದೆ. ಯಾರು ಹಿಂದಿನ ಸಲ ಹೋಗಿಲ್ಲವೋ ಅವರಿಗೆ ಮೊದಲು. ಜವಾನರ ಹಿರಿಯರಾದ ಸುಬೇದಾರ್ ಸಾಹೇಬರ ಕೈಗೆ ಕೊಟ್ಟೆ.

ಅವರು ಏನೂ ಅನ್ನಲಿಲ್ಲ. ಬೆಳಿಗ್ಗೆ ಚಹಾದ ಮಗ್ ಕೆಳಗೆ ಪಟ್ಟಿ ವಾಪಸ್ ಇತ್ತು. ಪಕ್ಕದಲ್ಲಿ ಪೆನ್ಸಿಲ್ ಗುರುತು. ಒಬ್ಬನ ಹೆಸರಿನ ಮುಂದೆ "ಹೆಂಡತಿಗೆ ಎಂಟು ತಿಂಗಳು". ಇನ್ನೊಬ್ಬನ ಮುಂದೆ "ಜಮೀನು ಕೇಸು, ತಾರೀಕು 14". ಮೂರನೆಯವನ ಮುಂದೆ ಬರೀ ಒಂದು ಗೀಟು. ಕೇಳಿದೆ. "ಸಾಬ್, ಅವನು ಮನೆಗೆ ಹೋಗಲು ಹೆದರ್ತಿದ್ದಾನೆ. ಸಾಲ ಕೊಟ್ಟವರು ಬಾಗಿಲಲ್ಲಿ ಕೂತಿದ್ದಾರೆ. ಈಗ ಕಳಿಸಬೇಡಿ" ಅಂದರು. ಆ ಪಟ್ಟಿ ಹರಿದು ಹೊಸದು ಬರೆದೆ, ಕೈಯಲ್ಲೇ. ನನ್ನ ಸಹಿ, ಅವರ ಬುದ್ಧಿ.

ಫೋಟೋ ವಿಷಯ ನಿಮ್ಮ ಅಪ್ಪ ಪೂರ್ತಿ ತಪ್ಪು ಹೇಳಿಲ್ಲ. ಕ್ಯಾಂಪಿಗೆ ಬಂದು, ಫೋಟೋ ಹಾಕಿ, ಜಾರಿಕೊಳ್ಳುವವರೂ ಇದ್ದಾರೆ. ಅವರಿಗೂ ಹುದ್ದೆ ಬರುತ್ತದೆ. ಜವಾನ ಸೆಲ್ಯೂಟ್ ಹೊಡೆಯುತ್ತಾನೆ, ಆದರೆ ಕಷ್ಟ ಹೇಳಿಕೊಳ್ಳಲು ಅವರ ಹತ್ತಿರ ಹೋಗಲ್ಲ. ವರ್ಷಗಟ್ಟಲೆ ಯೂನಿಟ್ ಜೊತೆ ಇದ್ದವನ ಹತ್ತಿರ ಹೋಗುತ್ತಾನೆ.

ದುಡ್ಡಿನ ಮಾತು: ತರಬೇತಿ ಮತ್ತು ಎಂಬಾಡಿಮೆಂಟ್ (ಪೂರ್ಣಾವಧಿ ಸೇವೆಗೆ ಕರೆಸಿಕೊಳ್ಳೋದು) ದಿನಗಳಿಗೆ ಮಾತ್ರ ಸಂಬಳ. ಅಧಿಕಾರಿಗೆ ಪಿಂಚಣಿ ಬೇಕಾದರೆ 20 ವರ್ಷ ಎಂಬಾಡೀಡ್ ಸೇವೆ ಆಗಬೇಕು. ನನಗೆ ಆಗಲಿಲ್ಲ. ಅದನ್ನು ನಂಬಿ ಸೇರಬೇಡಿ.

ಮೂರನೇ_ಮನೆ:
ನಮ್ಮವರು ಟಿಎ ಮೇಜರ್. ಹೆಂಡತಿಗೆ ಹೇಳಿ: "ಎರಡು ತಿಂಗಳು ತಾನೇ" ಅಂತ ನಾನೂ ಅಂದಿದ್ದೆ. ಎಂಬಾಡಿಮೆಂಟ್ ಆಗಿ ಹೋದವರು ಮನೆ ಸೇರಿದ್ದು ಒಂದೂವರೆ ವರ್ಷದ ಮೇಲೆ. ಮಗಳು ಗೇಟಿನಲ್ಲಿ ನಿಂತು "ಅಮ್ಮಾ, ಯಾರೋ ಬಂದಿದಾರೆ" ಅಂದಳು. 2025ರ ಮೇನಲ್ಲಿ ಟಿಎಯ 32 ಇನ್‌ಫೆಂಟ್ರಿ (ಕಾಲಾಳು) ಬೆಟಾಲಿಯನ್‌ಗಳಲ್ಲಿ 14ನ್ನು ಕರೆಸಲು ಆದೇಶ ಬಂದಾಗ ಮತ್ತೆ ಟ್ರಂಕ್ ಕೆಳಗೆ ಇಳಿಸಿಟ್ಟೆವು. ಬೇಡ ಅನ್ನುತ್ತಿಲ್ಲ. ಗೊತ್ತಿರಲಿ ಅಷ್ಟೆ.

ಬೆಣ್ಣೆದೋಸೆ_34:
ಥ್ಯಾಂಕ್ಸ್ ಮೇಡಂ, ಇದನ್ನು ಅವಳಿಗೆ ತೋರಿಸಿದೆ. ಇನ್ನೂ ಮಾತಾಡಿಲ್ಲ! ಜೋಂಗಾ ಸರ್, ಅಷ್ಟು ದಿನ ಹೋದರೆ ನಿಮ್ಮ ನೌಕರಿಯ ಕಂಪನಿಯವರು ಸುಮ್ನಿದ್ರಾ?

ಹಳೇಜೋಂಗಾ:
ಟಿಎ ಕಾಯ್ದೆ 1948ರದು. ಸೇವೆ ಮುಗಿಸಿ ಬಂದವನಿಗೆ ಹಳೇ ಕೆಲಸ ವಾಪಸ್ ಸಿಗಬೇಕು ಅಂತ ಅದರಲ್ಲಿದೆ. ಸಿಕ್ಕಿತು. ಕುರ್ಚಿ ಕೊಟ್ಟರು, ಮೇಜಿನ ಮೇಲೆ ಕೆಲಸ ಇಡಲಿಲ್ಲ. ನಾನೇ ಕೆಲಸ ಕಲಿಸಿದ ಹುಡುಗ ನನ್ನ ಬಾಸ್ ಆಗಿದ್ದ. ಹಿಂದಿನ ತಿಂಗಳು ನೂರು ಜನರ ಊಟ, ಕಾವಲು, ರಜೆ ನೋಡಿಕೊಂಡವನು ಈ ತಿಂಗಳು ಟ್ಯಾಕ್ಸಿ ಬಿಲ್ ಪಾಸ್ ಮಾಡಿಸಲು ಅವನ ಮುಂದೆ ನಿಲ್ಲಬೇಕು. ಮೊದಲ ವಾರ ಹೊಟ್ಟೆ ಉರಿಯಿತು. ಎರಡನೇ ಸಲ ಬಂದಾಗ ಅಷ್ಟಿಲ್ಲ. ನೀವು ಅಂಗಡಿಯ ಮಾಲೀಕರು, ಈ ಕಾಟ ಇಲ್ಲ. ಆದರೆ ಬೇಸಿಗೆಯಲ್ಲಿ ಬೋರ್‌ವೆಲ್ ಸೀಸನ್ ಬಂದಾಗ ಗಲ್ಲಾದಲ್ಲಿ ಯಾರು ಕೂರುತ್ತಾರೆ?

ಬೆಣ್ಣೆದೋಸೆ_34:
ಅಪ್ಪನೇ ಕೂರಬೇಕು, ಅದಕ್ಕೇ ಸಿಟ್ಟು ಇರಬೇಕು. ರಾತ್ರಿ ನಿಮ್ಮ ಪೆನ್ಸಿಲ್ ಕಥೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಆಮೇಲೆ ಫೋಟೋ ಮಾತು ಎತ್ತಲಿಲ್ಲ. "ಅಂಗಡಿ ಹುಡುಗರ ದೀಪಾವಳಿ ರಜೆ ಈ ಸಲ ನೀನೇ ನೋಡ್ಕೋ" ಅಂದರು.